ಕಟಿಂಗ್ ಮಾಸ್ತರರ ಆಪರೇಷನ್

ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಬಟ್ಟೆ ಕತ್ತರಿಸುತ್ತಿದ್ದ ಅವರನ್ನು ಎಲ್ಲರೂ ಮಾಸ್ತರು ಎಂದೇ ಕರೆಯುತ್ತಿದ್ದರು. ಪಾಠ ಹೇಳುವ ಮಾಸ್ತರಲ್ಲ, ಕಟಿಂಗ್ ಮಾಸ್ತರು. ಉದ್ದನೆಯ ಮೇಜಿನ ಮೇಲೆ ಅರವತ್ತು ಪದರ ಬಟ್ಟೆ ಹಾಸಿ, ಮೇಲಿನ ಪದರಕ್ಕೆ ಗೆರೆ ಎಳೆದು, ಯಂತ್ರದ ಅಲಗನ್ನು ಗೆರೆಯ ಮೇಲೆ ಓಡಿಸಿದರೆ ಒಂದೇ ಸಲಕ್ಕೆ ಅರವತ್ತು ತೋಳು ಬೀಳಬೇಕು. ಕೈ ಕೂದಲೆಳೆಯಷ್ಟು ಹೊರಳಿದರೂ ಅರವತ್ತೂ ಹಾಳು. ಅವರ ಕೈ ಹೊರಳಿದ್ದನ್ನು ಕಂಡವರಿರಲಿಲ್ಲ.

ಕಾರ್ಖಾನೆಯವರು ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆಯಲ್ಲಿ ಮಾಸ್ತರರ ರಕ್ತದ ಒಂದು ಅಂಕಿ ಇರಬೇಕಾದ್ದಕ್ಕಿಂತ ಹೆಚ್ಚು ಬಂತು. ಆಮೇಲೆ ಸ್ಕ್ಯಾನು. ಅದಾದ ಮೇಲೆ ಸೂಜಿ ಹಾಕಿ ಪ್ರಾಸ್ಟೇಟ್ ಗ್ರಂಥಿಯಿಂದ ಹನ್ನೆರಡು ಚೂರು ತೆಗೆದು ನೋಡಿದರು. ಎರಡು ಚೂರಿನಲ್ಲಿ ಕ್ಯಾನ್ಸರ್ ಇತ್ತು.

ಫಲಿತಾಂಶ ಕೇಳುವ ದಿನ ಮೂವರು ಹೋದರು: ಮಾಸ್ತರು, ಅವರ ಹೆಂಡತಿ, ಮಗ. ಡಾಕ್ಟರ ಕೋಣೆಯಲ್ಲಿ ರೋಗಿಯ ಕಡೆಗೆ ಎರಡೇ ಕುರ್ಚಿ. ಬಾಗಿಲಲ್ಲಿದ್ದ ನರ್ಸು, ಇಬ್ಬರು ಮಾತ್ರ ಎಂದಳು. ಮಗ, "ಅಮ್ಮ, ನೀನು ಇಲ್ಲೇ ಕೂತಿರು, ನಾನು ಕೇಳ್ಕೊಂಡು ಬರ್ತೀನಿ," ಎಂದು ತಂದೆಯ ಹಿಂದೆ ಒಳಗೆ ಹೋದ. ಅವಳು ನೀರಿನ ಬಾಟಲಿ ಇದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತಳು.

ಒಳಗೆ ಡಾಕ್ಟರು ಅವಸರವಿಲ್ಲದೆ ಮಾತನಾಡಿದರು. ಇದು ಚಿಕ್ಕದು, ಕೆಳದರ್ಜೆಯದು, ನಿಧಾನವಾಗಿ ಬೆಳೆಯುವಂಥದ್ದು. ಎಷ್ಟೋ ಜನರಿಗೆ ಇದು ಬದುಕಿರುವ ತನಕ ತೊಂದರೆಯನ್ನೇ ಕೊಡುವುದಿಲ್ಲ ಎಂದರು. ಮೂರು ದಾರಿ ಹೇಳಿದರು. ಮೊದಲನೆಯದು, ಏನೂ ಮುಟ್ಟದೆ ಕಣ್ಣಿಟ್ಟು ಕಾಯುವುದು: ಕೆಲವು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಬೇಕೆನಿಸಿದಾಗ ಸ್ಕ್ಯಾನು, ಮತ್ತೆ ಸೂಜಿ, ಬೆಳೆಯುವ ಸುಳಿವು ಸಿಕ್ಕರೆ ಆಗ ಚಿಕಿತ್ಸೆ. ಎರಡನೆಯದು, ಆಪರೇಷನ್ ಮಾಡಿ ಗ್ರಂಥಿಯನ್ನೇ ತೆಗೆಯುವುದು. ಮೂರನೆಯದು, ವಾರಗಟ್ಟಲೆ ದಿನವೂ ಬಂದು ರೇಡಿಯೇಷನ್ ತೆಗೆದುಕೊಳ್ಳುವುದು. ಮುಂದಿನ ಎರಡೂ ದಾರಿಯಲ್ಲಿ ಕ್ಯಾನ್ಸರ್ ಹೋಗಬಹುದು, ಜೊತೆಗೆ ಬೇರೆಯದೂ ಹೋಗಬಹುದು ಎಂದರು. ಆಪರೇಷನ್ ಆದವರಿಗೆ ಮೂತ್ರದ ಹಿಡಿತ ತಪ್ಪುತ್ತದೆ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಹೋಗುವುದಿಲ್ಲ. ಗಂಡಹೆಂಡಿರ ಸಂಬಂಧಕ್ಕೆ ಬೇಕಾದ ನರಗಳೂ ಅಲ್ಲೇ ಅಂಟಿಕೊಂಡಿರುತ್ತವೆ. ರೇಡಿಯೇಷನ್ನಿನಲ್ಲಿ ಕರುಳಿಗೆ ಉರಿ ತಟ್ಟಬಹುದು.

"ನಿಮಗಿರೋದಕ್ಕೆ ಕಾಯೋದು ಒಳ್ಳೆ ದಾರಿ ಅಂತ ನನ್ನ ಅಭಿಪ್ರಾಯ," ಎಂದರು ಡಾಕ್ಟರು. "ಆದರೆ ಇದರ ಜೊತೆ ಬದುಕಬೇಕಾದವರು ನೀವು. ಮನೆಯಲ್ಲಿ ಕೂತು ಮಾತಾಡಿ. ತಿಂಗಳು ತಗೊಂಡ್ರೂ ಏನೂ ಆಗಲ್ಲ."

ಹೊರಗೆ ಬಂದಾಗ ಹೆಂಡತಿ ಎದ್ದು ನಿಂತಳು. ಮಾಸ್ತರು ಬಾಯಿ ತೆರೆಯುವ ಮೊದಲೇ ಮಗ, "ಕ್ಯಾನ್ಸರೇ ಅಮ್ಮ. ಆಪರೇಷನ್ ಮಾಡಿ ತೆಗೆಸಿಬಿಡಬಹುದು," ಎಂದ. ಅವಳಿಗೆ ಮೊದಲನೆಯ ಮಾತು ಮಾತ್ರ ಕೇಳಿಸಿತು. ಬಸ್ಸಿನಲ್ಲಿ ಅವಳು ಗಂಡನ ಪಕ್ಕದಲ್ಲಿ ಅವರ ತೋಳು ಹಿಡಿದುಕೊಂಡು ಕೂತಳು.

ಮಗ ಮನೆಗಳಿಗೆ, ಗೋದಾಮುಗಳಿಗೆ ಹೋಗಿ ಗೆದ್ದಲು ಜಿರಳೆಗಳಿಗೆ ಔಷಧಿ ಹೊಡೆಯುವ ಕೆಲಸದವನು. ಕೆಟ್ಟವನಲ್ಲ. ತಂದೆ ಸಾಯುತ್ತಾನೆ ಎಂಬ ಹೆದರಿಕೆ ಅವನಲ್ಲಿ ಸಿಟ್ಟಾಗಿ ತಿರುಗಿತ್ತು. ಆ ವಾರ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು.

"ಅಪ್ಪ, ನಾನು ದಿನಾ ನೋಡ್ತೀನಿ. ಕಿಟಕಿ ಚೌಕಟ್ಟಿಗೆ ಗೆದ್ದಲು ಹಿಡಿದಿದೆ ಅಂದ್ರೆ ಜನ, ನೋಡೋಣ ಇರಿ, ಅಂತಾರೆ. ಆರು ತಿಂಗಳು ಬಿಟ್ಟು ಕರೀತಾರೆ. ಅಷ್ಟರಲ್ಲಿ ಬಾಗಿಲೇ ಇರಲ್ಲ."

"ಡಾಕ್ಟರು ಗೆದ್ದಲು ಅನ್ನಲಿಲ್ವಲ್ಲ," ಎಂದರು ಮಾಸ್ತರು.

"ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡೋದಾ? ಮಡಿಲಲ್ಲಿ ಕೆಂಡ ಕಟ್ಕೊಂಡು ಕಾಯ್ತಾ ಕೂತ್ಕೊ ಅನ್ನೋದು ಒಂದು ಔಷಧಿನಾ?"

ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಮನೆಯಲ್ಲಿ ಆ ರಿಪೋರ್ಟನ್ನು ಮೊದಲಿಂದ ಕೊನೆಯವರೆಗೆ ಓದಿದ್ದವಳು ಅವಳೊಬ್ಬಳೇ. ಡಾಕ್ಟರು ಹೇಳಿದ್ದರಲ್ಲಿ ತಪ್ಪೇನಿಲ್ಲ, ಇಂಥದ್ದನ್ನು ಕಣ್ಣಿಟ್ಟುಕೊಂಡೇ ವರ್ಷಗಟ್ಟಲೆ ಇರುವವರಿದ್ದಾರೆ ಎಂದು ಅತ್ತೆ ಹಿತ್ತಲಲ್ಲಿದ್ದಾಗ ಅವಳು ಹೇಳಿ ನೋಡಿದಳು. ಮನಸ್ಸು ಒಪ್ಪದಿದ್ದರೆ ರೇಡಿಯೇಷನ್ ಇದೆಯಲ್ಲ ಎಂದಳು. ಗಂಡ ತಟ್ಟೆಯಿಂದ ತಲೆ ಎತ್ತಿ, "ವಾರಕ್ಕೆ ಐದು ದಿನ ಆಸ್ಪತ್ರೆಗೆ ಕರ್ಕೊಂಡು ಹೋಗೋರ್ಯಾರು? ನೀನು ಹೋಗ್ತೀಯಾ?" ಎಂದು ಕೇಳಿದ. ಅವಳ ಪಾಳಿ ಬೆಳಗ್ಗೆ ಎಂಟಕ್ಕೆ ಶುರುವಾಗುತ್ತಿತ್ತು. ನಾನೊಬ್ಬನೇ ಹೋಗಿ ಬರ್ತೀನಿ ಎಂದು ಮಾಸ್ತರು ಹೇಳಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದಾದ ಮೇಲೆ ಸೊಸೆ ಆ ವಿಷಯಕ್ಕೆ ಬಾಯಿ ಹಾಕಲಿಲ್ಲ. ನಿಮ್ಮಪ್ಪ, ನಿಮ್ಮಿಷ್ಟ ಎಂದು ಸುಮ್ಮನಾದಳು.

ಮಾಸ್ತರರಿಗೆ ಇನ್ನೊಂದು ಮಾತು ಗಂಟಲಲ್ಲಿತ್ತು. ನಾಲ್ಕು ದಿನ ನುಂಗಿಕೊಂಡು, ಐದನೇ ದಿನ ಊಟ ಮುಗಿಯುವ ಹೊತ್ತಿಗೆ, ಸೊಸೆ ಕೈತೊಳೆಯಲು ಎದ್ದುಹೋದದ್ದನ್ನು ನೋಡಿಕೊಂಡು, ಡಾಕ್ಟರು ಆ ನರಗಳ ವಿಷಯ ಹೇಳಿದ್ದರಲ್ಲ ಎಂದರು.

"ಅಪ್ಪ, ಅರವತ್ತೊಂದಾಯ್ತು ನಿಮಗೆ," ಎಂದ ಮಗ. "ಇನ್ನು ಅದೆಲ್ಲ ಯಾರಿಗೆ ಬೇಕು? ಜೀವ ಮುಖ್ಯ."

ತಾಯಿ ಒಲೆಯ ಕಡೆ ಮುಖ ಮಾಡಿ ಮೀನು ಮಗುಚುತ್ತಿದ್ದಳು. ಮಗುಚುವ ಕೈ ನಿಂತಿತು. ಮೀನಿನ ಒಂದು ಬದಿ ಸೀದುಹೋಯಿತು. ಮಾಸ್ತರರ ಕಿವಿ ಕೆಂಪಾಯಿತು. ಮೂವತ್ತಾರು ವರ್ಷದ ಸಂಸಾರ ಅವರದು. ಮಕ್ಕಳಿಗೆ ಗೊತ್ತಾಗದ ಹಾಗೆ, ಗೋಡೆಯ ಆಚೆಗೆ ಸದ್ದು ಹೋಗದ ಹಾಗೆ, ಆ ಸಂಸಾರ ಇನ್ನೂ ನಡೆದಿತ್ತು. ಅದನ್ನು ಮಗನ ಎದುರು ಹೇಳುವ ಮಾತು ಯಾವ ಭಾಷೆಯಲ್ಲೂ ಅವರಿಗೆ ಸಿಗಲಿಲ್ಲ.

ಕೇಳಿದವರೆಲ್ಲ ತೆಗೆಸಿಬಿಡಿ ಎಂದರು. ಕಾರ್ಖಾನೆಯ ಮಾಲೀಕ ಹಾಗೆ ಹೇಳಿದ. ಪಕ್ಕದ ಮನೆಯವರು ಹಾಗೆ ಹೇಳಿದರು. ಬಸ್ಸಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಮಾಸ್ತರರ ತಮ್ಮ ಫೋನಿನಲ್ಲಿ ನಗುತ್ತ, ಕೆಟ್ಟ ಭಾಗ ಬಿಚ್ಚಿ ಎಸೆಯೋದಕ್ಕೆ ಇಷ್ಟು ಯೋಚನೆ ಯಾಕಣ್ಣ ಎಂದ.

ಕೊನೆಗೆ ಮಾಸ್ತರು ಹೆಂಡತಿಯನ್ನು ಕೇಳಿದರು. ಅದು ರಜೆಯ ದಿನ ಮಧ್ಯಾಹ್ನ. ಮಗ ಸೊಸೆ ಹೊರಗೆ ಹೋಗಿದ್ದರು. ಅವಳು ಕಾರ್ಖಾನೆಯಿಂದ ತಂದ ಅಂಗಿಗಳಿಗೆ ಗುಂಡಿ ಹಚ್ಚುತ್ತ ಕೂತಿದ್ದಳು. ಅವರು ಎದುರಿಗೆ ಕೂತು, ಸೂಜಿಗೆ ದಾರ ಪೋಣಿಸಿಕೊಟ್ಟು, "ನೀನೇನು ಹೇಳ್ತೀಯ?" ಎಂದರು.

"ನನ್ನನ್ನೇನು ಕೇಳ್ತೀರಿ? ಮಗ ಹೇಳಿದ ಹಾಗೆ ಮಾಡಿಸಿಕೊಳ್ಳಿ."

"ಆಮೇಲೆ ನಾನು ಮುಂಚಿನ ಹಾಗೆ ಇರ್ತೀನೋ ಇಲ್ವೋ ಗೊತ್ತಿಲ್ಲ."

ಅವಳು ಅಂಗಿಯಿಂದ ಕಣ್ಣು ತೆಗೆಯದೆ, "ನನಗದೆಲ್ಲ ಬೇಡ. ನೀವು ಇದ್ದರೆ ಸಾಕು," ಎಂದಳು.

ಮಾಸ್ತರು ಎದ್ದು ಹೋಗಿ ಹಿತ್ತಲಲ್ಲಿ ನಿಂತರು. ಆ ಸಂಜೆ ಮಗನನ್ನು ಕರೆದು ತಾರೀಕು ಗೊತ್ತುಮಾಡು ಎಂದರು.

ಆಪರೇಷನ್ ಚೆನ್ನಾಗಿ ಆಯಿತು. ಹತ್ತು ದಿನ ಮೂತ್ರಕ್ಕೆ ನಳಿಗೆ ಹಾಕಿಕೊಂಡು, ಚೀಲವನ್ನು ಮಂಚದ ಕಾಲಿಗೆ ಕಟ್ಟಿಕೊಂಡು ಮಲಗಿದರು. ಮೂರನೇ ವಾರ ತೆಗೆದ ಗ್ರಂಥಿಯ ರಿಪೋರ್ಟು ಬಂತು. ಕ್ಯಾನ್ಸರ್ ಮೊದಲು ಹೇಳಿದಷ್ಟೇ ಚಿಕ್ಕದು, ಕೆಳದರ್ಜೆಯದು, ಎಲ್ಲೂ ಹೊರಗೆ ಹೋಗಿರಲಿಲ್ಲ. ಮಗ ಮಿಠಾಯಿ ತಂದು ಹಂಚಿದ. ಸೊಸೆ ರಿಪೋರ್ಟನ್ನು ಎರಡು ಸಲ ಓದಿ, ಮಡಿಸಿ ಕಪಾಟಿನಲ್ಲಿಟ್ಟಳು.

ನಳಿಗೆ ತೆಗೆದ ಮೇಲೆ ಹಿಡಿತ ಬರಲಿಲ್ಲ. ಕೆಮ್ಮಿದರೆ ಸೋರುತ್ತಿತ್ತು, ಎದ್ದರೆ ಸೋರುತ್ತಿತ್ತು, ನಕ್ಕರೂ ಸೋರುತ್ತಿತ್ತು. ನಗುವ ಸಂದರ್ಭ ಕಡಿಮೆಯಾದ್ದರಿಂದ ಅದೊಂದು ಉಪಕಾರವಾಯಿತು. ಆಸ್ಪತ್ರೆಯವರು ಹೇಳಿಕೊಟ್ಟ ಹಾಗೆ ಕೆಳಗಿನ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ದಿನಕ್ಕೆ ಮೂರು ಹೊತ್ತು ಮಾಡಿದರು. ಅಂಗಡಿಯ ಪ್ಯಾಡು ತೊಡೆ ಸಂದಿಯಲ್ಲಿ ಉಜ್ಜಿ ಹುಣ್ಣಾದಾಗ ಹತ್ತಿಬಟ್ಟೆ ತಂದು, ತಮ್ಮ ಅಳತೆಗೆ ತಾವೇ ಗೆರೆ ಹಾಕಿ ಕತ್ತರಿಸಿದರು. ಹೆಂಡತಿ ಹೊಲಿದಳು. ದಿನಕ್ಕೆ ಎಂಟು ಬೇಕಾಗುತ್ತಿತ್ತು. ಅವಳು ಬಿಸಿನೀರಲ್ಲಿ ಕುದಿಸಿ, ಯಾರಿಗೂ ಕಾಣದ ಹಾಗೆ ಹಿತ್ತಲ ಮೂಲೆಯ ಹಗ್ಗಕ್ಕೆ ಒಣಹಾಕುತ್ತಿದ್ದಳು.

ಮಾಸ್ತರು ನೀರು ಕುಡಿಯುವುದನ್ನು ಕಡಿಮೆ ಮಾಡಿದರು. ಬೆಳಗಿನ ಚಹಾ ಬಿಟ್ಟರು. ಹಾಗೆ ಮಾಡಿದರೆ ಉರಿ ಹೆಚ್ಚಾಗುತ್ತೆ ಮಾವ ಎಂದು ಸೊಸೆ ಎಷ್ಟೋ ಸಲ ಹೇಳಿದಳು. ಅದೇ ಸೊಸೆ ಒಂದು ದಿನ ಮುಂದಿನ ಕೋಣೆಯ ಮೆತ್ತನೆ ಕುರ್ಚಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಮೇಲೆ ಟವೆಲು ಹಾಸಿದಳು. ಒಳ್ಳೆಯ ಮನಸ್ಸಿನಿಂದಲೇ ಹಾಸಿದಳು. ಅಂದಿನಿಂದ ಮಾಸ್ತರು ಮರದ ಮಣೆಯ ಮೇಲೆ ಕೂರತೊಡಗಿದರು.

ಮೂರು ತಿಂಗಳಾದ ಮೇಲೆ ಕಾರ್ಖಾನೆಗೆ ಹೋದರು. ನಾಲ್ಕನೇ ದಿನ ಬಿಳಿ ಬಟ್ಟೆಯ ಥಾನನ್ನು ಮೇಜಿನ ಮೇಲೆ ಎತ್ತುವಾಗ ಕಾಲ ನಡುವೆ ಬಿಸಿಯಾಯಿತು. ಬೂದು ಪ್ಯಾಂಟು ಮೊಣಕಾಲಿನವರೆಗೆ ಕಪ್ಪಾಯಿತು. ಆಚೆ ಬದಿಯಲ್ಲಿ ಬಟ್ಟೆಯ ಅಂಚು ಹಿಡಿದಿದ್ದ ಇಬ್ಬರು ಹೆಂಗಸರು ಬೇರೆ ಕಡೆ ನೋಡಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಬೈದು ಉಳಿಯಬಹುದಿತ್ತು. ಮಾರನೆಯ ದಿನ ಮಾಲೀಕ ಕರೆದು, ಇನ್ನು ಮೇಲೆ ಕೂತು ಮಾಡುವ ಕೆಲಸ ಮಾಡಿ ಮಾಸ್ತರೇ ಎಂದು ಹೇಳಿ, ಹೊಲಿದ ಅಂಗಿಗಳ ದಾರದ ತುದಿ ಕತ್ತರಿಸುವ ಗುಂಪಿನಲ್ಲಿ ಕೂರಿಸಿದ. ಕತ್ತರಿ ಹಿಡಿಯಲು ಹೊಸದಾಗಿ ಬಂದವರು ಮಾಡುವ ಕೆಲಸ ಅದು. ಎರಡು ವಾರ ಕೂತರು. ಮೂರನೇ ವಾರ ಹೋಗಲಿಲ್ಲ.

ಮನೆಯಲ್ಲಿ ಅವರು ಮಡಿಸುವ ಮಂಚವನ್ನು ಮುಂದಿನ ಕೋಣೆಗೆ ತಂದು ಹಾಕಿಕೊಂಡರು. ಬಚ್ಚಲು ಹತ್ತಿರವಾಗುತ್ತದೆ ಎಂದು ಕಾರಣ ಹೇಳಿದರು. ಒಳಗಿನ ಕೋಣೆಯಿಂದಲೂ ಬಚ್ಚಲಿಗೆ ಅಷ್ಟೇ ದೂರ. ಡಾಕ್ಟರು ಆ ಇನ್ನೊಂದು ತೊಂದರೆಗೂ ಮಾತ್ರೆ ಬರೆದುಕೊಟ್ಟಿದ್ದರು, ನರಗಳು ಚೇತರಿಸಿಕೊಳ್ಳಲು ಸಮಯ ಬೇಕು ಎಂದಿದ್ದರು. ಮಾಸ್ತರು ಆ ಚೀಟಿಯನ್ನು ಸೊಸೆಯ ಅಂಗಡಿಗೂ ಕೊಡಲಿಲ್ಲ, ಬೇರೆ ಅಂಗಡಿಗೂ ಒಯ್ಯಲಿಲ್ಲ.

ಒಂದು ಬೆಳಗ್ಗೆ ಹೆಂಡತಿ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಅವರು ಬಾಗಿಲಲ್ಲಿ ಬಂದು ನಿಂತರು. ಅವಳು, ಒಳಗಿನ ಕೋಣೆ ಖಾಲಿ ಖಾಲಿ ಅನ್ನಿಸುತ್ತದೆ ಎಂದಳು. ಅಷ್ಟಕ್ಕೇ ಜಗಳ ಹತ್ತಿಕೊಂಡಿತು.

"ನಿನಗದೆಲ್ಲ ಬೇಡ ಅಂದ್ಯಲ್ಲ," ಎಂದರು ಮಾಸ್ತರು. "ಮನೆಯಲ್ಲಿ ಯಾರು ಏನೇ ಹೇಳಲಿ, ನೀನಾದ್ರೂ ಬೇಡ ಇರಿ ಅಂತೀಯ ಅಂದ್ಕೊಂಡಿದ್ದೆ. ಒಂದು ಮಾತು. ನೀನು ಒಂದು ಮಾತು ಹೇಳಿದ್ರೆ ನಾನು ಆ ಆಪರೇಷನ್ ಮಂಚ ಹತ್ತುತ್ತಿರಲಿಲ್ಲ."

"ನೀವು ಸತ್ತುಹೋಗ್ತೀರಿ ಅಂತ ಹೆದರಿದ್ದೆ ನಾನು."

"ಸಾಯಲ್ಲ ಅಂತ ಡಾಕ್ಟರು ಹೇಳಿದ್ರಲ್ಲ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಬೇಡ ಅಂತ ಅವರೇ ಹೇಳಿದ್ರಲ್ಲ."

ಅವಳು ಹಿಂಡುತ್ತಿದ್ದ ಬಟ್ಟೆಯನ್ನು ಬಕೆಟಿಗೆ ಬಿಟ್ಟಳು. "ಯಾರಿಗೆ ಹೇಳಿದ್ರು? ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಮಗ ಬಂದು ಕ್ಯಾನ್ಸರ್ ಅಂದ. ಮನೆಗೆ ಬಂದು ಕೆಂಡ ಅಂದ, ಗೆದ್ದಲು ಅಂದ. ಕಾದರೂ ನಡೀತದೆ ಅಂತ ಡಾಕ್ಟರೇ ಹೇಳಿದ್ದಾರೆ ಅಂತ ನೀವು ನನ್ನ ಹತ್ತಿರ ಒಂದು ಸಲ ಹೇಳಿದ್ರಾ? ನಿಮ್ಮಿಬ್ಬರ ಜಗಳದಲ್ಲಿ ನಾನು ಕೇಳಿಸಿಕೊಂಡಿದ್ದು, ಅದು ನೀವು ಹೆದರಿ ಹೇಳೋ ನೆಪ ಅಂತ."

ಮಾಸ್ತರು ನೆನಪು ಮಾಡಿಕೊಂಡರು. ಅವರು ಹೇಳಿರಲಿಲ್ಲ. ಅವಳಿಗೆ ಗೊತ್ತಿದೆ ಎಂದೇ ತಿಳಿದಿದ್ದರು. ತಪ್ಪು ಯಾರದೆಂದು ಆ ಕ್ಷಣ ಅವರಿಗೆ ಗೊತ್ತಾಯಿತು, ಆದರೆ ಸಿಟ್ಟು ಇಳಿಯಲಿಲ್ಲ. ಇಳಿಸಿಕೊಳ್ಳಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅದು ಅವಳ ಮೇಲೆಯೇ ಉಳಿಯಿತು.

ಆಪರೇಷನ್ ಆದ ಏಳನೇ ತಿಂಗಳಲ್ಲಿ ತಮ್ಮ ಬಂದ, ಹೆಂಡತಿಯನ್ನು ಕರೆದುಕೊಂಡು. ಅಣ್ಣನಿಗೆ ಬಂದಿದ್ದರಿಂದ ಅವನನ್ನೂ ಪರೀಕ್ಷೆ ಮಾಡಿಸಿಕೊಳ್ಳಲು ಡಾಕ್ಟರು ಹೇಳಿದ್ದರು. ಅವನ ಕೈಯಲ್ಲೂ ಒಂದು ಫೈಲಿತ್ತು. ಫೋನಿನಲ್ಲಿದ್ದ ನಗು ಇರಲಿಲ್ಲ. ಗ್ಯಾರೇಜಿನ ಎಣ್ಣೆ ಅಂಟಿದ ಉಗುರುಗಳಿಂದ ಫೈಲಿನ ಅಂಚನ್ನು ಕೆರೆಯುತ್ತ ಕೂತಿದ್ದ.

ಸೊಸೆ ಫೈಲು ತೆಗೆದು ನೋಡಿದಳು. ಅವಳ ಮುಖ ನೋಡಿಯೇ ತಮ್ಮನ ಹೆಂಡತಿ ಸೆರಗು ಹಿಡಿದುಕೊಂಡಳು. "ಚಿಕ್ಕಮಾವ, ನಿಮ್ಮದು ಮಾವನ ಥರದ್ದಲ್ಲ," ಎಂದಳು ಸೊಸೆ. "ಸ್ವಲ್ಪ ಜೋರಿನದು. ಕಾಯೋದು ನಿಮಗೆ ಆಗಲ್ಲ ಅಂತ ಬರೆದಿದ್ದಾರೆ. ಆಪರೇಷನ್ ಇಲ್ಲಾಂದ್ರೆ ರೇಡಿಯೇಷನ್, ಅದರ ಜೊತೆ ಹಾರ್ಮೋನ್ ಇಂಜೆಕ್ಷನ್. ಎರಡರಲ್ಲೂ ಗುಣ ಆಗೋ ಸಾಧ್ಯತೆ ಚೆನ್ನಾಗಿದೆಯಂತೆ."

"ಎರಡರಲ್ಲಿ ಯಾವುದು?" ಎಂದು ತಮ್ಮ ಕೇಳಿದ.

"ಆಪರೇಷನ್," ಎಂದ ಮಗ. "ಅಪ್ಪನ್ನ ನೋಡಿ ಚಿಕ್ಕಪ್ಪ. ಒಂದೇ ಸಲಕ್ಕೆ ಮುಗಿದುಹೋಯ್ತು. ಈಗ ರಕ್ತದಲ್ಲಿ ಅದರ ಸುಳಿವೇ ಇಲ್ಲ. ಎಷ್ಟು ಚೆನ್ನಾಗಿದ್ದಾರೆ."

ತಮ್ಮ ಅಣ್ಣನ ಕಡೆ ನೋಡಿದ. ಎಲ್ಲರೂ ನೋಡಿದರು. ಮಾಸ್ತರು ಮಣೆಯ ಮೇಲೆ ಕೂತಿದ್ದವರು ಗೋಡೆ ಹಿಡಿದು ಎದ್ದರು. ಎದ್ದಾಗ ಆಗುವುದು ಆಯಿತು. ಅವರು ಮುಚ್ಚಿಕೊಳ್ಳಲಿಲ್ಲ.

"ಚೆನ್ನಾಗಿದ್ದೀನಿ," ಎಂದರು. "ದಿನಕ್ಕೆ ಆರು ಬಟ್ಟೆ ಬೇಕು. ಮೊದಲು ಎಂಟು ಬೇಕಾಗ್ತಿತ್ತು, ಈಗ ಆರು. ಇನ್ನೂ ಕಡಿಮೆ ಆಗಬಹುದು ಅಂತಾರೆ. ಮೂವತ್ತೊಂದು ವರ್ಷ ನಿಂತ ಮೇಜಿನ ಹತ್ತಿರ ಈಗ ನಿಲ್ಲೋಕಾಗಲ್ಲ. ನೆಂಟರ ಮನೆಗೆ ಹೋಗಲ್ಲ, ಬಸ್ಸು ಹತ್ತಲ್ಲ. ನಾನು ಈ ಮಂಚದ ಮೇಲೆ ಮಲಗ್ತೀನಿ, ನಿನ್ನ ಅತ್ತಿಗೆ ಒಳಗೆ ಮಲಗ್ತಾಳೆ. ಅದು ಯಾಕೆ ಅಂತ ನೀನೇ ತಿಳ್ಕೊ."

"ಅಪ್ಪ, ಸಾಕು," ಎಂದ ಮಗ. ಅವನ ಮುಖ ನಾಚಿಕೆಯಿಂದ ಕೆಂಪೇರಿತ್ತು.

"ನಿನಗೆ ಬಂದಿರೋದು ಬೇರೆ. ನೀನು ಮಾಡಿಸಿಕೊಳ್ಳಲೇಬೇಕು, ಕೂತರೆ ಆಗಲ್ಲ," ಎಂದು ಮಾಸ್ತರು ತಮ್ಮನಿಗೇ ಹೇಳಿದರು. "ಹತ್ತು ಜನರಲ್ಲಿ ಎಂಟು ಜನಕ್ಕೆ ನನ್ನ ಹಾಗೆ ಆಗದೇ ಇರಬಹುದು. ಆದ್ರೆ ಏನೇನು ಆಗಬಹುದು ಅಂತ ಪೂರ್ತಿ ಕೇಳ್ಕೊಂಡು ಹೋಗು. ಯಾರ್ದೋ ಮಾತಿಗೆ ತಲೆ ಆಡಿಸಿ ಹೋಗಬೇಡ. ನಾನು ಹಾಗೆ ಹೋದೆ."

ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಹೆಂಡತಿ ಅದನ್ನು ಕೆಳಗಿಟ್ಟಳು.

"ಒಂದು ಬಿಟ್ರಿ," ಎಂದಳು. "ಹೂಂ ಅಂದವಳು ಇವಳೇ ಅಂತ ಹೇಳಿ. ಅದನ್ನೂ ಹೇಳಿ. ಮನಸ್ಸಲ್ಲಿ ಇಟ್ಕೊಂಡು ನನ್ನ ತಿನ್ನಬೇಡಿ."

ಮಾಸ್ತರು ಅವಳನ್ನು ನೋಡಿ, ಆಮೇಲೆ ತಮ್ಮನನ್ನು ನೋಡಿ, "ಅವಳಿಗೆ ಯಾರೂ ಏನೂ ತಿಳಿಸಿ ಹೇಳಿರಲಿಲ್ಲ," ಎಂದರು.

ತಮ್ಮನ ಹೆಂಡತಿ ಎದ್ದು, ಸೊಸೆಯ ಕೈಯಿಂದ ಫೈಲು ತೆಗೆದುಕೊಂಡು ತನ್ನ ಚೀಲದಲ್ಲಿ ಹಾಕಿಕೊಂಡಳು. ಭಾವ, ನಾವು ಮನೆಗೆ ಹೋಗಿ ಮಾತಾಡ್ತೀವಿ, ನಾಳೆ ಡಾಕ್ಟರ ಹತ್ತಿರ ಇಬ್ಬರೂ ಹೋಗ್ತೀವಿ ಎಂದಳು. ಚಹಾ ಕುಡಿಯದೆ ಹೊರಟರು. ತಿಂಗಳ ಮೇಲೆ ತಮ್ಮ ರೇಡಿಯೇಷನ್ ಶುರುಮಾಡಿಸಿಕೊಂಡ ಎಂದು ಸುದ್ದಿ ಬಂತು. ದಿನಾ ಬೆಳಗ್ಗೆ ಅವಳೇ ಜೊತೆಗೆ ಹೋಗುತ್ತಿದ್ದಳಂತೆ. ಇಂಜೆಕ್ಷನ್ನಿನಿಂದ ಅವನಿಗೂ ಸುಸ್ತು, ಮೈ ಬಿಸಿಯೇರುವುದು, ಇದ್ದಕ್ಕಿದ್ದಂತೆ ಅಳು ಬರುವುದು ಎಲ್ಲ ಇತ್ತಂತೆ.

ಆ ದಿನ ಅವರು ಹೋದ ಮೇಲೆ ಮಗ ತಂದೆಯ ಎದುರಿಗೆ ನಿಂತು, ಮನೆಯ ಮರ್ಯಾದೆ ಬೀದಿಗೆ ಹಾಕಿದಿರಿ, ನಾನು ನಿಮ್ಮನ್ನು ಉಳಿಸಲು ಒದ್ದಾಡಿದ್ದು ತಪ್ಪಾಯ್ತಾ ಎಂದ. ಹೇಳುತ್ತ ಹೇಳುತ್ತ ಅವನ ಧ್ವನಿ ಒಡೆಯಿತು. ಉಳಿಸಿದ್ದಾನೋ ಇಲ್ಲವೋ ಎಂದು ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ. ಅವನಿಗೂ ಇಲ್ಲ, ಅವರಿಗೂ ಇಲ್ಲ. ಅವನು ಔಷಧಿಯ ಪಂಪು ಬೆನ್ನಿಗೇರಿಸಿಕೊಂಡು ಸಂಜೆಯ ಕೆಲಸಕ್ಕೆ ಹೋದ. ಸೊಸೆ ತಣ್ಣಗಾದ ಚಹಾವನ್ನು ಬಚ್ಚಲಿಗೆ ಸುರಿದಳು.

ಹೆಂಡತಿ ಒಣಗಿದ ಬಟ್ಟೆ ತಂದುಕೊಟ್ಟಳು. ಮಾಸ್ತರು ಬಚ್ಚಲಿಗೆ ಹೋಗಿ ಬದಲಾಯಿಸಿಕೊಂಡು ಬರುವಷ್ಟರಲ್ಲಿ ಅವಳು ಮಂಚದ ಮೇಲಿದ್ದ ದಿಂಬನ್ನು ಎತ್ತಿ ಎದೆಗೆ ಹಿಡಿದುಕೊಂಡು ನಿಂತಿದ್ದಳು.

"ಎಲ್ಲರೆದುರು ನನ್ನ ಬಿಟ್ಟುಕೊಡಲಿಲ್ಲ ನೀವು," ಎಂದಳು. "ಒಳಗೆ ಹಾಸ್ತೀನಿ. ಬರ್ತೀರಾ?"

ಅವರು ಅವಳ ಕೈಯಲ್ಲಿದ್ದ ದಿಂಬನ್ನು ನೋಡಿದರು. ಎಲ್ಲರೆದುರು ಹೇಳಿದ್ದು ನಿಜವೇ. ಅವಳ ತಪ್ಪಿಲ್ಲವೆಂದು ಅವರಿಗೆ ಗೊತ್ತಿತ್ತು. ನನಗದೆಲ್ಲ ಬೇಡ ಎಂದ ಆ ಮಧ್ಯಾಹ್ನದ ಮಾತೂ ಕಿವಿಯಲ್ಲಿತ್ತು.

"ಇಲ್ಲೇ ಅಭ್ಯಾಸ ಆಗಿದೆ," ಎಂದರು.

ಅವಳು ದಿಂಬನ್ನು ಇದ್ದಲ್ಲೇ ಇಟ್ಟು, ಮಂಚದ ಹಾಸಿಗೆಗೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯ ಸುಕ್ಕು ಬಿಡಿಸಿ, ಅಡುಗೆಗೆ ಅಕ್ಕಿ ತೊಳೆಯಲು ಹೋದಳು.